ತಗೋ

ಪಡಸಾಲೆಯ ಗೋಡೆಗೆ ಒರಗಿಸಿ ಕೂಡಿಸಿದ್ದ ಗಂಡ ಭೀಮರಾಯನ ಹೆಣದ ಹೆಗಲಿನಿಂದ ಕಂಬಳಿ ಜಾರುತ್ತಿತ್ತು. ಸೀತವ್ವ ಅದನ್ನು ಎಳೆದು ಸರಿಪಡಿಸುವಷ್ಟರಲ್ಲಿ ಅಂಗಳದಲ್ಲಿ ಆಟೋ ನಿಂತಿತು. ಇಳಿದವಳನ್ನು ನೋಡಿದ್ದೇ ಅವಳ ಅಳು ಗಕ್ಕನೆ ನಿಂತಿತು. ಬಂದಳಲ್ಲ ಗೋಕಾಕದ ಬಿನ್ನಾಣಗಿತ್ತಿ!

ಅರ್ಚನಾ ಚಪ್ಪಲಿ ಬಿಟ್ಟು ಒಳಗೆ ಬಂದವಳೇ ಭೀಮರಾಯನ ಬಲಗೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದು ಅವನೆದುರು ಕುಳಿತಳು. ಕಣ್ಣಲ್ಲಿ ನೀರು ಬೇರೆ. ಸತ್ತ ಮೇಲೂ ಬಿಡುವುದಿಲ್ಲವೇ ಇವಳು?

"ಕೈ ಬಿಡವಾ. ಸಾಕಿನ್ನ."

ಮೈದುನ ಶಿದ್ಲಿಂಗಪ್ಪ ಗದರಿದ. "ವೈನಿ, ಏನ ಮಾತದು? ಅಣ್ಣನ ಕೈ ಮತ್ತ ಆಡೂವಂಗ ಮಾಡಿದಾಕಿ ಆಕಿ."

"ಆಡಿಸ್ಯಾಳ, ಆಡಿಸ್ಯಾಳ. ಬರೇ ಕೈ ಅಷ್ಟ ಅಲ್ಲ!"

ಹೆಣವಿರುವ ಮನೆಯಲ್ಲಿ ಒಲೆ ಹೊತ್ತಿಸುವಂತಿಲ್ಲ. ಬಂದವರಿಗೆ ನೆರೆಮನೆಯವರು ಚಹಾ ಕಾಯಿಸಿ ಕಳಿಸುತ್ತಿದ್ದರು. ಸೊಸೆ ಕಸ್ತೂರಿ ಅತ್ತೆಯ ಮುಂದೆಯೂ ಒಂದು ಕಪ್ಪು ಇಟ್ಟಳು.

"ಮಣ್ಣ ಆಗೂತನಕ ನನಗ ನೀರೂ ಬ್ಯಾಡ," ಎಂದು ಸೀತವ್ವ ಅದನ್ನು ಅತ್ತ ಸರಿಸಿದಳು.

*

ಲಕ್ವಾ ಹೊಡೆದು ಬಲಗೈ ಸೋತ ಮೇಲೆ ಭೀಮರಾಯನ ಬಾಯಲ್ಲಿ ಎರಡೇ ಮಾತು ಉಳಿದಿದ್ದವು: 'ಬರ್ರಿ', 'ತಗೋ'. ಕೈ ಪಳಗಿಸಲು ಗೋಕಾಕದ ದವಾಖಾನೆಯಿಂದ ವಾರಕ್ಕೊಮ್ಮೆ ಆ ಕುರಿಗಾರರ ದಡ್ಡಿಗೆ ಬರುತ್ತಿದ್ದ ಅರ್ಚನಾ ಅವನ ಮುಂದೆ ಗ್ಯಾಸಿನ ಒಲೆ, ಹಾಲು, ಚಹಾಪುಡಿ, ಸಕ್ಕರೆ ಡಬ್ಬಿ ಇಟ್ಟು, "ಒಂದ ಕಪ್ಪ ಚಾ ಮಾಡ್ರಿ ಅಜ್ಜಾ," ಎನ್ನುತ್ತಿದ್ದಳು.

"ಇದೆಂಥಾ ಔಷಧವಾ?" ಎಂದು ಸೀತವ್ವ ಕೇಳಿದ್ದಳು.

"ಔಷಧ ಅಲ್ರಿ ಅಮ್ಮಾ. ಯಾವದರ ಹಿಂದ ಯಾವದು ಅನ್ನೋದು ನೆನಪ ಐತೇನು, ಕುದ್ದ ಮ್ಯಾಲೆ ಒಲಿ ಆರಸ್ತಾರೇನು, ನೋಡೋದು. ತಲಿ ಹೆಂಗ ನಡದೈತಿ ಅಂತ ಕೆಲಸದಾಗ ಗೊತ್ತಾಕ್ಕೈತಿ. ಅಜ್ಜಾರನ್ನ ಒಬ್ಬರನ್ನ ಮನ್ಯಾಗ ಬಿಡಬೇಕೋ ಬ್ಯಾಡೋ ತಿಳೀತೈತಿ."

ಕುರಿಗಳ ಹಿಂದೆ ಹೋದಾಗ ಅಡವಿಯಲ್ಲಿ ಏನು ಬೇಯಿಸಿಕೊಳ್ಳುತ್ತಿದ್ದನೋ, ಮನೆಗೆ ಬಂದರೆ ನೀರಿನ ತಂಬಿಗೆಯನ್ನೂ ಎತ್ತಿಕೊಳ್ಳದ ಗಂಡಸು. ಅಂಥವನು ನಡುಗುವ ಕೈಯಲ್ಲಿ ಹಾಲು ಸುರಿದು, ಒಲೆ ಆರಿಸಿ, ಸೋಸಿ, ಕಪ್ಪನ್ನು ಚಾಚಿ "ತಗೋ" ಎನ್ನುತ್ತಿದ್ದ. ಅರ್ಚನಾ ಅವನೆದುರು ಕುಳಿತಿರುತ್ತಿದ್ದಳು. ಸೀತವ್ವ ಅವಳ ಬೆನ್ನ ಹಿಂದೆ, ಹೊಸ್ತಿಲಲ್ಲಿ. ಅರ್ಚನಾ ಕುಡಿದು, "ಭಾಳ ಚಲೋ ಆಗೈತ್ರಿ," ಎಂದರೆ ಅವನು ತಲೆ ಅಲ್ಲಾಡಿಸಿ ಮತ್ತೆ "ತಗೋ, ತಗೋ" ಎಂದು ಕೈ ಚಾಚುತ್ತಿದ್ದ.

ತಗೋರಿ ಅಲ್ಲ, ತಗೋ! ನಿನ್ನೆ ಮೊನ್ನೆ ಬಂದವಳಿಗೆ ಏಕವಚನ, ಅದೂ ಎಷ್ಟು ಮೆತ್ತಗೆ! ಈ ಮುದುಕನ ಚಪಲಕ್ಕೆ ಬೆಂಕಿ ಬೀಳಲಿ ಎಂದು ಸೀತವ್ವ ಹಲ್ಲು ಕಡಿಯುತ್ತಿದ್ದಳು.

"ನೀವೂ ಒಂದ ಗುಟುಕ ನೋಡ್ರಿ ಅಮ್ಮಾ."

"ನಿನಗ ಮಾಡ್ಯಾನ, ನೀನ ಕುಡಿ."

*

"ಅಜ್ಜಾರು ಭಾಳ ಸುಧಾರಿಸಿದ್ರು," ಅರ್ಚನಾ ಕಣ್ಣೊರೆಸಿಕೊಂಡು ಶಿದ್ಲಿಂಗಪ್ಪನಿಗೆ ಹೇಳುತ್ತಿದ್ದಳು. "ಒಲಿ ಆರಸೋದು ಒಂದ ದಿನಾನೂ ಮರೀಲಿಲ್ಲ. ಸಕ್ರಿ ಒಂದ ಹಾಕತಿರಲಿಲ್ಲ. ಡಬ್ಬಿ ಮುಂದ ಇಟ್ರ ಬಾಜೂಕ ಸರಸ್ತಿದ್ರು. ನಾನು ಪ್ರತಿ ಸಲ ಅದನ್ನ ತಪ್ಪು ಅಂತನ ಹಿಡದೆ."

"ಅಣ್ಣಗ ಸಕ್ರಿ ಮರೀತು?" ಶಿದ್ಲಿಂಗಪ್ಪ ನಂಬಲಿಲ್ಲ. "ಒಂದ ಚಿಟಿಕಿ ಕಡಿಮಿ ಬಿದ್ರ ಕಪ್ಪ ಒಗದ ಬಿಡ್ತಿದ್ದ!"

ಸೀತವ್ವ ತಲೆ ಎತ್ತಿದಳು.

"ಯವ್ವಾ, ನೀ ಬಂದ ಕೂಡ್ಲೆ ಏನ ಅಂತಿದ್ದ ಅಂವಾ?"

"ನನಗೇನ್ರಿ? ಬರ್ರಿ ಅಂತಿದ್ರು. ಹೊಂಟಾಗೂ ಬರ್ರಿ ಅಂತಿದ್ರು."

ಸೀತವ್ವ ಗಂಡನ ಮುಖದಿಂದ ಹೊಸ್ತಿಲಿನತ್ತ ನೋಡಿದಳು. ಹಾಗಾದರೆ ಆ 'ತಗೋ' ಯಾರಿಗೆ? ಕಸ್ತೂರಿ ಬಂದು ಮತ್ತೆ ಕಪ್ಪನ್ನು ಮುಂದೆ ಸರಿಸಿದಳು. "ಅತ್ತಿ, ಆರಿ ಹೋತು ನೋಡ್ರಿ. ನಿಮಗಂತನ ಸಕ್ರಿ ಇಲ್ಲದ್ದು ಬ್ಯಾರೆ ಮಾಡಿಸೇನಿ. ಸಕ್ರಿ ಬ್ಯಾನಿ ಇದ್ದಾಕಿ ಹಿಂಗ ಉಪಾಸ ಇರಬಾರದು."

ಹೊರಗೆ ಹಲಗೆಯ ಸದ್ದು ಶುರುವಾಯಿತು. "ಎತ್ರಿ, ಹೊತ್ತಾತು," ಎಂದು ಯಾರೋ ಕೂಗಿದರು.

"ನಿಂದರ್ರಿ!" ಸೀತವ್ವ ಕಪ್ಪು ಎತ್ತಿಕೊಂಡಳು. ಅರ್ಚನಾಳನ್ನು ಮೊಣಕೈಯಿಂದ ತಳ್ಳಿದಳು. "ಸರಿಯವಾ, ಅದು ನನ್ನ ಜಾಗಾ."

"ವೈನಿ, ಇನ್ನಾ ಮಣ್ಣ ಆಗಿಲ್ಲ!" ಎಂದ ಶಿದ್ಲಿಂಗಪ್ಪ. ಹೆಂಗಸರು ಬಾಯಿಗೆ ಸೆರಗು ಹಿಡಿದರು.

ಸೀತವ್ವ ಗಂಡನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತಳು. ಕೆನೆಯನ್ನು ಬೆರಳಿನಿಂದ ಸರಿಸಿ, ತಣ್ಣಗಾದ ಆ ಸಪ್ಪೆ ಚಹಾವನ್ನು ಒಂದು ಹನಿ ಬಿಡದೆ ಕುಡಿದಳು. ಆಮೇಲೆ ಖಾಲಿ ಕಪ್ಪನ್ನು ವಾಲಿಸಿ ಅವನ ಮುಚ್ಚಿದ ಕಣ್ಣುಗಳ ಮುಂದೆ ಹಿಡಿದು ತೋರಿಸಿದಳು.