ಗಂಟಿನ ಮರ

ಮೂರು ದಿನದಿಂದ ಹೋಸಿಯತ್‌ಗೆ ಮನೆಯ ಅತಿಥಿಯ ಮೇಲೇ ಕಣ್ಣು. ರಾಜಧಾನಿ ಬಿಶ್ಕೆಕ್‌ನಿಂದ ಬಂದ ಈ ಸಮಗನ್ ಜಲಪಾತ ನೋಡಲಿಲ್ಲ, ಸವಾರಿಗೆ ಕುದುರೆ ಕೇಳಲಿಲ್ಲ. ಬೆಳಗಾದರೆ ಅಕ್ರೋಟ ಕಾಡಿಗೆ ಹೋಗಿ ಮರಗಳನ್ನು ತಟ್ಟಿ ತಟ್ಟಿ ನೋಡುತ್ತಿದ್ದ. ಈ ಅರ್ಸ್ಲನ್‌ಬೋಬ್ ಹಳ್ಳಿಗೆ ಬಂದ ಪ್ರವಾಸಿ ಮರ ತಟ್ಟುವುದುಂಟೇ?

“ಪಾಪ, ಮರ ಅಂದ್ರೆ ಇಷ್ಟ ಇರ್ಬೇಕು ಅತ್ತೆ,” ಎಂದಳು ಸೊಸೆ ನಜೋಕತ್. “ನಿಮಗೆ ಎಲ್ಲರ ಮೇಲೂ ಅನುಮಾನ.”

“ಬೆಳ್ಳಗಿರೋದೆಲ್ಲ ಹಾಲಲ್ಲ ಕಣೇ. ಇಷ್ಟ ಇದ್ದೋನು ತಲೆ ಎತ್ತಿ ಎಲೆ ನೋಡ್ತಾನೆ. ಇವನು ಬುಡ ನೋಡ್ತಾನೆ.”

ಬುಡದಲ್ಲಿರುವುದು ಗಂಟು. ಹಳೆಯ ಅಕ್ರೋಟ ಮರದಲ್ಲಿ ಊದಿಕೊಂಡ ಆ ಗಂಟನ್ನು ಸೀಳಿದರೆ ಒಳಗೆ ಸುಳಿಸುಳಿಯಾದ ಗೆರೆಗಳು. ದೂರದೇಶದ ಶ್ರೀಮಂತರ ಮೇಜಿಗೆ ಅದೇ ಬೇಕು. ಗಂಟು ಕೊಯ್ದರೆ ಮರ ಬದುಕುವುದಿಲ್ಲ. ಮಾವನ ಕಾಲದಲ್ಲಿ ಹೀಗೇ ಒಬ್ಬ ಬಂದು ಮರ ನೋಡಿಕೊಂಡು ಹೋದ. ತಿಂಗಳೊಳಗೆ ಗರಗಸದವರು ಬಂದರು. ಮೂರು ಮರಗಳು ಎರಡೇ ಬೇಸಗೆಯಲ್ಲಿ ಒಣಗಿದವು. ಈಗ ಇವರ ಪಾಲಿನ ಕಾಡಿನಲ್ಲಿ ಉಳಿದಿರುವ ಹಿರಿಯ ಮರ ಒಂದೇ. ಹೋಸಿಯತ್‌ಳ ಅತ್ತೆಯ ಅತ್ತೆಯೂ ಅದರ ಕೆಳಗೆ ಕಾಯಿ ಆರಿಸಿದ್ದಳಂತೆ.

ನಾಲ್ಕನೆಯ ದಿನ ಅವಳು ಹಿಂದೆಯೇ ಹೋದಳು. ಸಮಗನ್ ಅದೇ ಮರದ ಬುಡದಲ್ಲಿ ಮಂಡಿಯೂರಿ ಗಂಟಿನ ಸುತ್ತ ಟೇಪು ಹಿಡಿದಿದ್ದ.

“ಏನಪ್ಪಾ, ಮರಕ್ಕೆ ಅಂಗಿ ಹೊಲಿಸ್ತೀಯಾ?”

ಅವನು ಬೆಚ್ಚಿ ಟೇಪನ್ನು ಜೇಬಿಗಿಳಿಸಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು.

“ಇಲ್ಲ ದೊಡ್ಡಮ್ಮ, ನಾನು ಪ್ರವಾಸಿಗರಿಗೆ ನಕ್ಷೆ ಮಾಡೋನು. ಪರಂಪರೆಯ ಮರಗಳು ಅಂತ ಪಟ್ಟಿ ಮಾಡ್ತಿದೀವಿ. ನಾಲ್ಕು ಜನ ನೋಡಿದ್ರೆ ತಾನೇ ಮರ ಉಳಿಯೋದು?” ಮುದ್ರೆ ಒತ್ತಿದ ಕಾಗದವನ್ನೂ ತೋರಿಸಿದ.

“ಗಂಟಿನ ಅಳತೆ ಯಾಕೆ?”

“ಅದೇ ವಿಶೇಷ. ಇಷ್ಟು ದೊಡ್ಡದು ಈ ಕಾಡಲ್ಲೇ ಇನ್ನೊಂದಿಲ್ಲ. ವಸಂತದಲ್ಲಿ ಮತ್ತೆ ಬಂದು ಖಾತ್ರಿ ಮಾಡ್ಕೊಂಡು ನಕ್ಷೇಲಿ ಹಾಕ್ತೀನಿ. ಫೋನಲ್ಲೇ ಸಿಗುತ್ತೆ, ದಾರೀನೂ ತೋರಿಸುತ್ತೆ.”

“ಗರಗಸದೋರ ಹತ್ರಾನೂ ಫೋನಿರುತ್ತಲ್ಲಪ್ಪ.”

ಸಮಗನ್ ನಕ್ಕುಬಿಟ್ಟ. ಆ ನಗುವಿನಲ್ಲಿ ಕಪಟ ಇರಲಿಲ್ಲ. ಹೋಸಿಯತ್‌ಗೆ ಭಯವಾದದ್ದೇ ಅದಕ್ಕೆ. ಕಳ್ಳನಾಗಿದ್ದರೆ ಊರವರನ್ನು ಕೂಗಿ ಓಡಿಸಬಹುದಿತ್ತು. ಒಳ್ಳೆಯವನನ್ನು ಏನೆಂದು ಓಡಿಸುವುದು? ಮರವನ್ನು ನಕ್ಷೆಗೆ ಹಾಕುವುದು ಬೇಡ ಎಂದು ಎರಡು ಸಲ ಹೇಳಿದಳು. ಅವನು ಎರಡು ಸಲವೂ ಸಮಾಧಾನ ಹೇಳಿದ.

ಮರುದಿನ ಸಮಗನ್‌ನನ್ನು ಕರೆದೊಯ್ಯಲು ಕಾರು ಬಂತು. ದೂರ ಹೊರಟವರು ರೊಟ್ಟಿಯನ್ನು ಒಂದು ಬಾರಿ ಕಚ್ಚಿ ಹೋಗಬೇಕು ಎಂಬುದು ಇಲ್ಲಿನ ವಾಡಿಕೆ. ಉಳಿದದ್ದನ್ನು ಗೋಡೆಗೆ ತೂಗುಹಾಕುತ್ತಾರೆ. ಆ ರೊಟ್ಟಿಯ ಋಣವೇ ಅವರನ್ನು ಮತ್ತೆ ಕರೆತರುತ್ತದೆ. ಹೋಸಿಯತ್ ಬೇಕೆಂದೇ ರೊಟ್ಟಿ ತರಲಿಲ್ಲ. ಆದರೆ ನಜೋಕತ್ ಬಿಸಿ ರೊಟ್ಟಿ ತಂದೇಬಿಟ್ಟಳು. ಸಮಗನ್ ಖುಷಿಯಿಂದ ದೊಡ್ಡದಾಗಿ ಕಚ್ಚಿದ.

“ಮಿಕ್ಕಿದ್ದು ವಸಂತಕ್ಕೆ ದೊಡ್ಡಮ್ಮ. ಜೋಪಾನ.”

ಕಾರು ತಿರುವಿನಲ್ಲಿ ಮರೆಯಾಯಿತು. ನಜೋಕತ್ ಗೋಡೆಯ ಮೊಳೆಯತ್ತ ಕೈ ಚಾಚಿದಾಗ ಹೋಸಿಯತ್ ರೊಟ್ಟಿಯನ್ನು ಕಸಿದುಕೊಂಡು ಜಗಲಿಯ ಮೇಲೆ ಕೂತಳು. ಮುರಿದಳು. ಬಾಯಿಗಿಟ್ಟಳು.

“ಅತ್ತೆ, ಅದು ಅವರ ರೊಟ್ಟಿ.”

“ಗೊತ್ತು.”

ಅತಿಥಿ ಕಚ್ಚಿಟ್ಟ ರೊಟ್ಟಿಯನ್ನು ಆ ಮನೆಯಲ್ಲಿ ಯಾರೂ ಎಂದೂ ಮುಟ್ಟಿದ್ದಿಲ್ಲ. ನಾಚಿಕೆಯಿಂದ ಅವಳ ಕಿವಿ ಬಿಸಿಯಾಗಿತ್ತು. ಆದರೂ ಅಗಿದಳು.

ನಜೋಕತ್ ಅತ್ತೆಯ ಕೈಯಲ್ಲಿದ್ದ ರೊಟ್ಟಿಯನ್ನು ನೋಡಿದಳು. ಕಾಡಿನ ಕಡೆಗೂ ಒಮ್ಮೆ ನೋಡಿದಳು. ಆಮೇಲೆ ಚಹಾ ಬಗ್ಗಿಸಿ ಅತ್ತೆಯ ಪಕ್ಕದಲ್ಲೇ ಕೂತಳು.

“ಒಬ್ರೇ ತಿಂದ್ರೆ ಮುಗಿಯಲ್ಲ. ನಂಗೂ ಅರ್ಧ ಕೊಡಿ.”