ಹತ್ತನೇ ಡೆಕ್ಕಿನ ಬಾಲ್ಕನಿ

ಹರ್ಷವರ್ಧನ್ ಕುರ್ಚಿಯಲ್ಲಿ ಕೂರುವ ಮೊದಲೇ ಮೊಬೈಲನ್ನು ನನ್ನ ಮೂಗಿನ ಹತ್ತಿರ ಹಿಡಿದ. ಅದರಲ್ಲಿ ಅವನ ಷಡ್ಡಕ ಹಡಗಿನ ಬಾಲ್ಕನಿಯಲ್ಲಿ ಚಡ್ಡಿ, ಕಪ್ಪು ಕನ್ನಡಕ ಹಾಕಿಕೊಂಡು, ಅರಬ್ಬೀ ಸಮುದ್ರ ತನ್ನ ಹೆಸರಿಗೆ ರಿಜಿಸ್ಟರ್ ಆಗಿದೆಯೇನೋ ಅನ್ನುವ ಹಾಗೆ ನಿಂತಿದ್ದ.

"ಇವನು ಎಂಟನೇ ಫ್ಲೋರ್ ಅಂತೆ. ನಮಗೆ ಅದಕ್ಕಿಂತ ಮೇಲೆ ಬೇಕು ಮೇಡಂ. ಮುಂದುಗಡೆ. ಬಾಲ್ಕನಿ ದೊಡ್ಡದಿರಬೇಕು."

ಮಹದೇವಪುರದ ಮೇನ್ ರೋಡಿನಲ್ಲಿ, ಒಂದು ಪಿಜಿ ಕಟ್ಟಡದ ಕೆಳಗಿದೆ ನಮ್ಮ ಟ್ರಾವೆಲ್ಸ್ ಆಫೀಸು. ನಾನು ಭಾಗ್ಯಶ್ರೀ, ಏಳು ವರ್ಷದಿಂದ ಅಲ್ಲಿ ಕೂತು ಟಿಕೆಟ್ ಮಾಡಿಕೊಡುತ್ತಿದ್ದೇನೆ. ಈ ಏಳು ವರ್ಷದಲ್ಲಿ ನನಗೆ ಜನರ ಮೇಲಿದ್ದ ಗೌರವ ಬಹುಪಾಲು ಸವೆದುಹೋಗಿದೆ. ದುಬೈಗೆ ಹೋಗಿ ಮೂರು ಹೊತ್ತೂ ಇಡ್ಲಿ ಹುಡುಕುವವರನ್ನು ನೋಡಿದ್ದೇನೆ. ಕಾಶ್ಮೀರದಿಂದ ಬಂದು, ಅಲ್ಲಿ ವಿಪರೀತ ಚಳಿ ಇತ್ತು, ನೀವು ಮೊದಲೇ ಹೇಳಬೇಕಿತ್ತು ಅಂತ ಜಗಳ ತೆಗೆದವರನ್ನೂ ನೋಡಿದ್ದೇನೆ. ಹಾಗಾಗಿ ಹರ್ಷವರ್ಧನ್ ನನಗೆ ಹೊಸ ಜಾತಿಯ ಪ್ರಾಣಿಯೇನಲ್ಲ. ಅವನ ತಂದೆ ವೆಂಕಟಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಐದು ಬಾಡಿಗೆ ಕಟ್ಟಡ ಎದ್ದಿವೆ. ಬುಲೆಟ್ ಹತ್ತಿ ದಿನಕ್ಕೆರಡು ಸಲ ಆ ಐದನ್ನೂ ಸುತ್ತು ಹಾಕಿ ಬರುವುದೇ ಮಗನ ಉದ್ಯೋಗ. ಅದನ್ನು ಅವನು 'ಬಿಸಿನೆಸ್' ಅನ್ನುತ್ತಾನೆ.

ಆ ಭಾನುವಾರ ಮನೆಯವರನ್ನೆಲ್ಲ ಕರೆದುಕೊಂಡು ಬಂದಿದ್ದ. ಹೆಂಡತಿ ಕೃಪಾಳ ಸೊಂಟದ ಮೇಲೆ ಒಂದೂವರೆ ವರ್ಷದ ಮಗಳು ಶಾಂಭವಿ. ನಾಲ್ಕು ವರ್ಷದ ಮಗ ಮನು. ಮೂಲೆಯ ಸೋಫಾದಲ್ಲಿ, ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಅವನ ತಾಯಿ ಚಿಕ್ಕಮುನಿಯಮ್ಮ. ನಾನು ಕಂಪ್ಯೂಟರಿನಲ್ಲಿ ಹಡಗಿನ ನಕ್ಷೆ ತೆಗೆಯುವಷ್ಟರಲ್ಲಿ ಮನು ಪ್ಲಾಸ್ಟಿಕ್ ಕುರ್ಚಿಯೊಂದನ್ನು ಗೋಡೆಯವರೆಗೆ ಎಳೆದೊಯ್ದು, ಅದರ ಮೇಲಿಂದ ಫೈಲುಗಳ ಬೀರುವಿನ ನೆತ್ತಿಗೆ ಹತ್ತಿ ಕೂತಿದ್ದ. ಕೃಪಾ ಓಡಿಹೋಗಿ ಇಳಿಸಿದಳು. ಹರ್ಷವರ್ಧನ್ ನಕ್ಕ. "ಸಕ್ಕತ್ ಚುರುಕು ಮೇಡಂ ನನ್ ಮಗ."

ಮುಂಬೈಯಿಂದ ಲಕ್ಷದ್ವೀಪಕ್ಕೆ ಹೋಗಿಬರುವ ಐದು ದಿನದ ಪ್ರಯಾಣ. ನಾನು ನಕ್ಷೆ ತೋರಿಸಿ ಹೇಳಿದೆ. "ಸಾರ್, ಚಿಕ್ಕ ಮಕ್ಕಳಿರೋವಾಗ ಹಡಗಿನ ಮಧ್ಯಭಾಗ, ಕೆಳಗಿನ ಡೆಕ್, ಅಂದ್ರೆ ಕೆಳಗಿನ ಅಂತಸ್ತು, ಒಳ್ಳೇದು. ಮೇಲೆ ಹೋದಷ್ಟೂ, ಮುಂದೆ ಹೋದಷ್ಟೂ ತೂಗಾಟ ಜಾಸ್ತಿ, ವಾಂತಿ ಆಗುತ್ತೆ. ಹತ್ತನೇ ಡೆಕ್ಕಿನ ಮೇಲೇ ಡ್ಯಾನ್ಸ್ ಫ್ಲೋರ್ ಬೇರೆ ಇದೆ, ಮಕ್ಕಳು ನಿದ್ದೆ ಮಾಡಲ್ಲ. ಐದನೇ ಡೆಕ್ಕಲ್ಲಿ, ಲಿಫ್ಟ್ ಹತ್ತಿರ, ತೆಗೆಯೋಕೆ ಬಾರದ ಗಾಜಿನ ಕಿಟಕಿ ಇರೋ ರೂಮಿದೆ. ಅದು ಬೇಡ ಅಂದ್ರೆ ಒಳಗಡೆ ರೂಮು. ಕಿಟಕಿ ಇರಲ್ಲ, ಆದ್ರೆ ಕತ್ತಲಿರುತ್ತೆ, ಮಕ್ಕಳು ಮಧ್ಯಾಹ್ನ ಚೆನ್ನಾಗಿ ಮಲಗ್ತಾವೆ."

"ಕಿಟಕಿ ಇಲ್ದಿರೋ ರೂಮಾ?" ಅವನು ಮುಖ ಕಿವುಚಿದ. "ಅಂಥ ರೂಮಲ್ಲಿ ಮನುಷ್ಯರು ಇರ್ತಾರೇನ್ರೀ?"

ಮೂಲೆಯಿಂದ ಚಿಕ್ಕಮುನಿಯಮ್ಮನ ದನಿ ಬಂತು. "ಯಾಕ್ಲಾ ಇರಾಕಿಲ್ಲ? ನೀನ್ ಕಟ್ಸಿರೋ ಬಿಲ್ಡಿಂಗ್ನಾಗೆ ಎಷ್ಟ್ ರೂಮ್ಗೆ ಕಿಟ್ಕಿ ಮಡಗಿದೀಯ, ಯೋಳು ಈಯಮ್ಮಂಗೆ."

"ಅವ್ವ, ನೀನ್ ಸುಮ್ನಿರು." ಅವನು ತಾಯಿಯ ಕಡೆ ತಿರುಗಲೂ ಇಲ್ಲ. ಕೋಪ ನನ್ನ ಮೇಲೆ ತಿರುಗಿತು. "ಅದೆಲ್ಲ ಸರಿ ಮೇಡಂ, ನೀವು ಹಡಗಲ್ಲಿ ಹೋಗಿದ್ದೀರಾ?"

"ಇಲ್ಲ ಸಾರ್."

"ಒಂದ್ಸಲಾನೂ?"

"ಇಲ್ಲ."

"ನೋಡಿದ್ಯಾ?" ಅಂತ ಹೆಂಡತಿಗೆ ಹೇಳಿದ. "ಹೋಗ್ದಿರೋರು ನಮಗೆ ಪಾಠ ಮಾಡ್ತಾರೆ."

ನನ್ನ ಕಿವಿ ಬಿಸಿಯಾಯಿತು. ಹಡಗು ಹತ್ತದಿದ್ದರೇನು, ಹತ್ತಿ ಬಂದವರ ನೂರಾರು ದೂರುಗಳನ್ನು ಕೇಳಿ ನನಗೆ ಪ್ರತಿ ಡೆಕ್ಕಿನ ಗುಣ ಗೊತ್ತಿತ್ತು. ಬಾಲ್ಕನಿಯ ವಿಷಯ ಇನ್ನೂ ಹೇಳಿರಲಿಲ್ಲ. ಹೇಳಿದೆ, ಆದರೆ ಪರದೆ ನೋಡುತ್ತಾ, ಬಸ್ ನಿಲ್ದಾಣದ ಮೈಕಿನ ದನಿಯಲ್ಲಿ. "ಬಾಲ್ಕನಿಯಲ್ಲಿ ಕುರ್ಚಿ, ಟೇಬಲ್ ಇರುತ್ತೆ. ಮಕ್ಕಳು ಹತ್ತಬಹುದು. ಹುಷಾರಾಗಿರಬೇಕು." ಅಷ್ಟೇ. ಹಡಗಿನವರಿಗೆ ಹೇಳಿದರೆ ಆ ಕುರ್ಚಿಗಳನ್ನು ತೆಗೆಸುತ್ತಾರೆ, ಬಾಗಿಲಿನ ಮೇಲ್ತುದಿಯಲ್ಲಿ ಇನ್ನೊಂದು ಚಿಲಕ ಇರುತ್ತದೆ, ಎಂಬುದನ್ನು ನಾನು ಪ್ರತಿ ತಾಯಿಗೂ ಹೇಳುತ್ತಿದ್ದೆ. ಅವತ್ತು ಹೇಳಲಿಲ್ಲ. ಹೋಗಲಿ, ಹತ್ತನೇ ಡೆಕ್ಕಿನಲ್ಲಿ ಚೆನ್ನಾಗಿ ವಾಂತಿ ಮಾಡಿಕೊಂಡು ಬರಲಿ ಅನ್ನಿಸಿತ್ತು ನನಗೆ.

ನಮ್ಮ ಮಾಲೀಕ ನರಸಿಂಹಯ್ಯ ಒಳಗಿನ ಕೋಣೆಯಿಂದ ಇಣುಕಿ, "ಗಿರಾಕಿ ಕೇಳಿದ್ದು ಕೊಡಮ್ಮ" ಅಂದರು. ಕೊಟ್ಟೆ. ಹತ್ತನೇ ಡೆಕ್, ಎಲ್ಲಕ್ಕಿಂತ ಮುಂದೆ, ದೊಡ್ಡ ಬಾಲ್ಕನಿ.

"ಅಮ್ಮನಿಗೆ?" ಅಂತ ಕೇಳಿದೆ.

"ಅವರಿಗೆ ಯಾವ್ದೋ ಒಂದು ಹಾಕಿ. ಆ ಕಿಟಕಿ ಇಲ್ದೇ ಇರೋದೇ ಆಗ್ಲಿ. ಅವರೇನು ಫೋಟೋ ಹಾಕ್ಬೇಕಾ?"

ಚಿಕ್ಕಮುನಿಯಮ್ಮ ಕೈಚೀಲದಿಂದ ಎಲೆಯಡಿಕೆ ತೆಗೆದು, ಎಲೆಯ ತೊಟ್ಟು ಮುರಿದು, ಮಗನ ಬೆನ್ನನ್ನೇ ನೋಡುತ್ತಾ ಬಾಯಿಗಿಟ್ಟುಕೊಂಡರು. ನಾನು ಐದನೇ ಡೆಕ್ಕಿನಲ್ಲಿ, ಲಿಫ್ಟಿನ ಪಕ್ಕ, ಗೋಡೆಗೆ ಮಡಚುವ ಎರಡು ಹೆಚ್ಚಿನ ಮಂಚವಿರುವ ರೂಮನ್ನು ಅವರ ಹೆಸರಿಗೆ ಹಾಕಿದೆ. ಮೊಮ್ಮಕ್ಕಳು ಅಜ್ಜಿಯ ಹತ್ತಿರ ಬಂದರೆ ಇರಲಿ ಅಂತ. ಅದನ್ನು ಅವನಿಗೆ ಹೇಳುವ ಅಗತ್ಯ ಕಾಣಲಿಲ್ಲ.

ಡಿಸೆಂಬರ್ ಕೊನೆಯಲ್ಲಿ ಹೋದರು. ಮೊದಲ ದಿನ ಹರ್ಷವರ್ಧನ್ ಬಾಲ್ಕನಿಯಿಂದ ವಾಟ್ಸಾಪ್ ಸ್ಟೇಟಸ್ಸಿಗೆ ಹನ್ನೊಂದು ಫೋಟೋ ಹಾಕಿದ. ಎಲ್ಲದರಲ್ಲೂ ಷಡ್ಡಕನ ಹಾಗೆಯೇ ಚಡ್ಡಿ, ಕಪ್ಪು ಕನ್ನಡಕ. ಹೆಂಡತಿ ಮಕ್ಕಳು ಒಂದರಲ್ಲೂ ಇರಲಿಲ್ಲ. ಎರಡನೇ ದಿನ ಮಧ್ಯಾಹ್ನದ ಮೇಲೆ ಫೋಟೋ ಬರುವುದು ನಿಂತಿತು. ನಾನು ಪಕ್ಕದ ಸೀಟಿನ ಮಹಾಲಕ್ಷ್ಮಿಗೆ ಮೊಬೈಲ್ ತೋರಿಸಿ, "ವಾಂತಿ ಶುರುವಾಯ್ತು" ಅಂದೆ. ಇಬ್ಬರೂ ಹೊಟ್ಟೆ ತುಂಬ ನಕ್ಕೆವು.

ವಾಪಸ್ ಬಂದ ಮರುವಾರ ಕೃಪಾ ಮಗನನ್ನಷ್ಟೇ ಕರೆದುಕೊಂಡು ಆಫೀಸಿಗೆ ಬಂದಳು. ಮನುವಿನ ಕೈ ಹಿಡಿದುಕೊಂಡೇ ಇದ್ದಳು. ಮಗು ಕೈ ಕೊಸರಿಕೊಂಡರೂ ಬಿಡಲಿಲ್ಲ.

"ಟ್ರಿಪ್ ಹೇಗಿತ್ತು ಮೇಡಂ?" ಅಂತ ಕೇಳಿದೆ. ನಗು ತಡೆದುಕೊಂಡೇ ಕೇಳಿದೆ, ಸುಳ್ಳು ಯಾಕೆ.

ಅವಳು ಕೂತು ಹೇಳಿದಳು. ಎರಡನೇ ದಿನ ಸಮುದ್ರ ಕುಲುಕಾಡಿತಂತೆ. ಹರ್ಷವರ್ಧನ್ ಮಂಚ ಹಿಡಿದುಕೊಂಡು, ಪ್ಲಾಸ್ಟಿಕ್ ಕವರಿನಲ್ಲಿ ಮುಖ ಇಟ್ಟುಕೊಂಡು ಮಲಗಿದ್ದ. ಇವಳು ಬಚ್ಚಲಲ್ಲಿ ಶಾಂಭವಿಯ ಬಟ್ಟೆ ಬದಲಿಸುತ್ತಿದ್ದಳು. ಗಾಳಿ ಬೇಕು ಅಂತ ಅವನು ಬಾಲ್ಕನಿಯ ಬಾಗಿಲು ತೆಗೆದಿಟ್ಟಿದ್ದ.

"ನಾನು ಹೊರಗೆ ಬಂದಾಗ ಮನು ಬಾಲ್ಕನಿ ಕುರ್ಚಿ ಮೇಲಿದ್ದ. ಒಂದು ಕಾಲು ಕಂಬಿ ಮೇಲಿತ್ತು. ನಾನು ಕೂಗಲಿಲ್ಲ. ಕೂಗಿದ್ರೆ ತಿರುಗ್ತಾನೆ ಅಂತ ಭಯ. ಮೆತ್ತಗೆ ಹೋಗಿ ಅಂಗಿ ಹಿಡ್ಕೊಂಡೆ."

ಅವಳು ತೋರಿಸಲಿಕ್ಕೆಂಬಂತೆ ಮುಷ್ಟಿ ಕಟ್ಟಿದಳು. ನನ್ನ ಮುಖದ ನಗು ಎಲ್ಲಿ ಹೋಯಿತೋ ಗೊತ್ತಿಲ್ಲ.

"ಆಮೇಲೆ?"

"ಎರಡು ಮಕ್ಕಳನ್ನೂ ಎತ್ಕೊಂಡು ಅತ್ತೆ ರೂಮಿಗೆ ಹೋದೆ. ಅತ್ತೆ ಏನೂ ಕೇಳಲಿಲ್ಲ. ಗೋಡೆ ಮಂಚ ಇಳಿಸಿದ್ರು. ಉಳಿದ ಅಷ್ಟೂ ದಿನ ಅಲ್ಲೇ ಇದ್ವಿ. ಇವರು ಬಂದು ಕರೆದ್ರು. ಮರ್ಯಾದೆ ಪ್ರಶ್ನೆಯಂತೆ. ಅತ್ತೆ ಬಾಗಿಲಲ್ಲೇ ನಿಂತು, 'ನೀನ್ ಓಗಿ ಫೋಟೋ ತಕ್ಕೋ, ಮಕ್ಳು ಇಲ್ಲೇ ಇರ್ತಾವೆ' ಅಂದು ಬಾಗಿಲು ಹಾಕಿದ್ರು."

"ನಿಮ್ಮ ಯಜಮಾನರಿಗೆ ಗೊತ್ತಾ, ಮಗು ಹತ್ತಿದ್ದು?"

"ಹೇಳಿದೆ. 'ಬೀಳ್ಲಿಲ್ವಲ್ಲ' ಅಂದ್ರು."

ಇಂಥ ಗಂಡಸಿಗೆ ಏನನ್ನಬೇಕು ಅಂತ ನನ್ನ ನಾಲಿಗೆಯ ತುದಿಗೆ ನಾಲ್ಕಾರು ಮಾತು ಬಂದವು. ಆದರೆ ಕೃಪಾ ನನ್ನನ್ನೇ ನೋಡುತ್ತಿದ್ದಳು. ಗಂಡನ ಮೇಲೆ ದೂರು ಹೇಳಲು ಅವಳು ಬಂದಿರಲಿಲ್ಲ.

"ಹಡಗಿನ ಹುಡುಗಿ ಒಬ್ಬಳು ಹೇಳಿದ್ಲು, ಕೇಳಿದ್ರೆ ಕುರ್ಚಿ ತೆಗೀತಾರಂತೆ. ಬಾಗಿಲಿಗೆ ಮೇಲೊಂದು ಚಿಲಕ ಇರುತ್ತಂತೆ. ನಿಮಗೆ ಇದು ಗೊತ್ತಿತ್ತಾ ಅಕ್ಕ?"

"ಗೊತ್ತಿತ್ತು."

"ಮತ್ತೆ ಯಾಕೆ ಹೇಳಲಿಲ್ಲ?"

"ಹುಷಾರು ಅಂತ ಹೇಳಿದ್ದೆ."

"ಒಂದ್ಸಲ ಹೇಳಿದ್ರಿ. ಕಂಪ್ಯೂಟರ್ ನೋಡ್ಕೊಂಡು ಹೇಳಿದ್ರಿ. ನಿಮಗೆ ಇವರ ಮೇಲೆ ಸಿಟ್ಟು ಬಂದಿತ್ತು, ನನಗೆ ಗೊತ್ತಾಯ್ತು. ನನಗೂ ಬಂದಿತ್ತು. ಆದ್ರೆ ನಾನು ನಿಮ್ಮ ಎದುರಿಗೇ ಕೂತಿದ್ನಲ್ಲ. ನನಗೆ ಹೇಳಬಹುದಿತ್ತು."

ಅವಳು ಜಗಳ ಆಡಲಿಲ್ಲ. ಎದ್ದು, ಮನುವಿನ ಚಪ್ಪಲಿ ಸರಿಮಾಡಿ, ಅವನನ್ನು ಎತ್ತಿಕೊಂಡು ಹೊರಟಳು. ನಾನು ಬಾಗಿಲವರೆಗೆ ಹೋಗಿ ತೆರೆದು ಹಿಡಿದೆ. ನನ್ನ ಮುಖ ನೋಡದೆ ಮೆಟ್ಟಿಲಿಳಿದು, ರಸ್ತೆ ದಾಟಿ ಹೋದಳು.

ಒಳಗೆ ಬಂದು ಕೂತೆ. ನರಸಿಂಹಯ್ಯ ಕನ್ನಡಕ ಹಣೆಗೇರಿಸಿ, "ಏನಂತಮ್ಮ ಆ ಪಾರ್ಟಿ? ಕಂಪ್ಲೇಂಟಾ?" ಅಂತ ಕೇಳಿದರು.

"ಹೂಂ ಸಾರ್."

"ಹಡಗಿನವರ ಮೇಲೋ?"

"ನನ್ನ ಮೇಲೆ."

"ಇವರಿಗೆಲ್ಲ ಏನ್ ತಲೆ ಇರುತ್ತಮ್ಮ, ಬಿಟ್ಹಾಕು."

"ಇಲ್ಲ ಸಾರ್," ಅಂದೆ. "ಕಂಪ್ಲೇಂಟ್ ಸರಿಯಾಗೇ ಇದೆ."