ಕಳಿಸುವ ಪದ

ಹೊಳೆಪಾಲಾದ ಗಂಡನ ಹೆಸರನ್ನು ಗಂಗಾಂಬಿಕಾ ಪರದೇಶದವರ ಬಾಯಲ್ಲಿ ಮೊದಲ ಸಲ ಕೇಳಿದ್ದು ಮಕ್ತಲದ ಬಸ್‌ಸ್ಟ್ಯಾಂಡಿನ ಹೊರಗೆ ನಿಂತಿದ್ದ ಒಂದು ಆಟೋದಿಂದ. ನಾರಾಯಣಪೇಟೆಯ ಮಗ್ಗದವರಲ್ಲಿಗೆ ಹೋಗಿ, ಅಂಗಡಿಗೆ ಬೇಕಾದ ಸೀರೆಗಳನ್ನು ಗಂಟು ಕಟ್ಟಿಕೊಂಡು ಬಸ್ಸಿಳಿದಿದ್ದಳು. ಬಿಸಿಲು ನೆತ್ತಿಗೇರಿತ್ತು. ಆಟೋದ ಸ್ಪೀಕರಿನಲ್ಲಿ ಪಿಟೀಲು, ಬಡಿಯುವ ದಪ್ಪಿನಂಥ ಏನೋ ಒಂದು ವಾದ್ಯ, ಅವುಗಳ ಮೇಲೆ ತೇಲುವ ಹೆಣ್ಣುದನಿ.

"ಹೊತ್ತು ಮುಳುಗಿತೊ ಆದೆಪ್ಪಾ, ಹೊಳಿದಂಡ್ಯಾಗ ನಿಂತೀನೊ, ಬುತ್ತಿ ಆರ್ಯಾವೊ, ಬಾಗಲಕ ಬಾರೊ..."

ಮಾತು ತೊದಲುತ್ತಿತ್ತು, ರಾಗ ಮಾತ್ರ ಎಲ್ಲಿಯೂ ತೊದಲುತ್ತಿರಲಿಲ್ಲ. ಅದು ಆಕೆಯ ಅತ್ತೆ ವೀರಬಸಮ್ಮನ ರಾಗ. ವೀರಬಸಮ್ಮ ಸತ್ತು ಎರಡು ವರ್ಷವಾಗಿತ್ತು.

"ಇದ್ಯಾವ ಹಾಡಪ್ಪ?" ಎಂದು ಕೇಳಿದಳು.

"ಗೊತ್ತಿಲ್ಲೇನ್ರಿ ಅಕ್ಕಾ? ಐರ್ಲೆಂಡ್‌ದವ್ರು ಹಾಡ್ಯಾರ. ಕೊರಿಯಾದಾಗ ಇಡೀ ದುನಿಯಾದ ಪಾಪ್ ಹಾಡಿನ ಸ್ಪರ್ಧಾ ನಡದೈತಿ. ನಮ್ಮ ಕಡಿ ಹಾಡು ಅಂತ ಎಲ್ಲಾರೂ ಇದನ್ನ ಹಾಕ್ಕೊಂಡು ತಿರಗಾಕತ್ತ್ಯಾರ," ಎಂದ ಆಟೋದವನು. "ಕುಂಡ್ರ್ರಿ, ಎಲ್ಲಿ ಬಿಡ್ಲಿ?"

ಆಕೆ ಕೂರಲಿಲ್ಲ. ಗಂಟು ಹೊತ್ತುಕೊಂಡು ಮನೆಯವರೆಗೆ ನಡೆದಳು.

ಮಗಳು ಕಾವ್ಯ ಊರಿನ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಳು. ಸಂಜೆ ಅವ್ವನ ಮುಖ ನೋಡಿದ ಕೂಡಲೇ ಆಕೆಗೆ ತಿಳಿಯಿತು. "ಹೇಳಬೇಕಂತಿದ್ದೆ ಅವ್ವಾ. ನಿನಗ ಹೆಂಗಾಗ್ತೈತೋ ಅಂತ ಸುಮ್ಮನಿದ್ದೆ. ಆಕಿ ಊನಾ. ನೆನಪೈತಿಲ್ಲ, ಪಿಟೀಲಿನಾಕಿ."

ನೆನಪಿತ್ತು. ನಾಲ್ಕಾರು ವರ್ಷದ ಹಿಂದೆ ಹೆಂಗಸರ ಹಾಡುಗಳನ್ನು ಕೇಳುತ್ತ ಊರೂರು ತಿರುಗುತ್ತಿದ್ದ ಕೆಂಚುಗೂದಲ ಹೆಂಗಸು, ಗದ್ವಾಲದ ಕಡೆಯಿಂದ ಮಕ್ತಲಕ್ಕೆ ಬಂದು, ಇವರ ಮನೆಯಲ್ಲಿ ಎರಡು ದಿನ ಉಳಿದಿದ್ದಳು. ಊನ ಎಂದರೆ ನಮ್ಮಲ್ಲಿ ಕೊರತೆ ಎಂದು ಕಾವ್ಯ ಹೇಳಿದಾಗ ಆಕೆ ನಕ್ಕು, ಹಾಗೆಯೇ ಕರೆಯಿರಿ ಎಂದಿದ್ದಳು. ತನ್ನ ದೇಶದಲ್ಲಿ ಹಳೆಯ ಹಾಡುಗಳ ಮೇಳವೊಂದನ್ನು ಕಟ್ಟಿಕೊಂಡಿದ್ದಳು. ವೀರಬಸಮ್ಮ ಆಕೆಯನ್ನು ಹೊಳೆದಂಡೆಗೆ ಕರೆದುಕೊಂಡು ಹೋಗಿ ಈ ಹಾಡನ್ನು ಹಾಡಿ ಕೇಳಿಸಿದ್ದಳು. ಇದನ್ನು ನಾವು ಹಾಡಬಹುದೇ ಎಂದು ಊನಾ ಕೇಳಿದಾಗ ಮುದುಕಿ ಅಂದ ಮಾತು ಗಂಗಾಂಬಿಕಾಳಿಗೆ ಹಾಗೇ ನೆನಪಿತ್ತು: "ಹಾಡಿಕೊ ಮಗಳ. ನನ್ನ ಮಗನ್ನ ಕರಿಯಾಕ ಇನ್ನೊಂದು ಬಾಯಿ ಆತು."

ಆ ಹಾಡು ಸತ್ತವರ ಮುಂದೆ ಹಾಡ್ಯಾಡಿ ಅಳುವ ಹಾಡು. ಅದರಲ್ಲಿ ಎರಡು ಪಾಲು. ಹೆಣ ಮನೆಯಲ್ಲಿದ್ದಾಗ ಹೆಸರು ಹಿಡಿದು ಕರೆಯುವ ಪದ ಹಾಡುತ್ತಾರೆ. ಎತ್ತಿ ಹೊಸ್ತಿಲು ದಾಟಿಸುವಾಗ ಕಳಿಸುವ ಪದ. ವೀರಬಸಮ್ಮ ಊರಿನಲ್ಲಿ ಯಾರು ಸತ್ತರೂ ಎರಡನ್ನೂ ಹಾಡುತ್ತಿದ್ದಳು, ಸೊಸೆಗೂ ಕಲಿಸಿದ್ದಳು. ತನ್ನ ಮಗನ ಪಾಲಿಗೆ ಮಾತ್ರ ಎರಡನೆಯದನ್ನು ಬಾಯಿಗೆ ತರಲಿಲ್ಲ.

ಆದೆಪ್ಪನ ಹೊಲ ಕೃಷ್ಣೆಯ ನಡುಗಡ್ಡೆಯಲ್ಲಿತ್ತು. ಊನಾ ಬರುವುದಕ್ಕೂ ಎಷ್ಟೋ ವರ್ಷ ಮೊದಲು, ಮೆಣಸಿನಗಿಡಕ್ಕೆ ನೀರು ಬಿಟ್ಟು ಬರುತ್ತೇನೆಂದು ಹರಿಗೋಲಿನಲ್ಲಿ ಹೋದವನು ಮರಳಲಿಲ್ಲ. ಹರಿಗೋಲು ಸಿಕ್ಕಿತು, ರುಮಾಲು ಸಿಕ್ಕಿತು, ಆತ ಸಿಗಲಿಲ್ಲ. ರುಮಾಲನ್ನೂ ಮನೆಯಲ್ಲಿದ್ದ ಒಂದು ಧೋತರವನ್ನೂ ಇಟ್ಟು ಮಣ್ಣು ಕೊಟ್ಟರು. ಕಳಿಸುವ ಪದ ಹಾಡೆಂದು ಊರ ಹೆಂಗಸರು ಅಂದರೆ ವೀರಬಸಮ್ಮ, "ಮಾರಿ ನೋಡದ ಯಾರನ್ನ ಕಳಿಸ್ಲಿ?" ಎಂದು ಬಾಯಿ ಮುಚ್ಚಿಕೊಂಡಳು. ಸೊಸೆಯ ಕೈ ಹಿಡಿದು, "ನನ್ನ ಮಗ ಬರೋತನಕ ಆ ಪದ ನಿನ್ನ ಬಾಯಾಗೂ ಬರಬಾರದು," ಎಂದು ಮಾತು ತೆಗೆದುಕೊಂಡಳು. ಆ ಹೊತ್ತಿಗೆ ಗಂಗಾಂಬಿಕಾ ಏನು ಕೇಳಿದ್ದರೂ ಕೊಡುತ್ತಿದ್ದಳು.

ಈಗ ಕರೆಯುವ ಪದ ಊರೂರಿನಲ್ಲಿ ಮೊಳಗುತ್ತಿತ್ತು. ಮದುವೆ ಮೆರವಣಿಗೆಯಲ್ಲಿ ಹಾಕಿದರು. ಹೋಟೆಲಿನಲ್ಲಿ ಹಾಕಿದರು. ಕೊರಿಯಾದ ಹುಡುಗ ಹುಡುಗಿಯರು ಕೈ ಬೀಸಿ "ಆದೆಪ್ಪಾ" ಎಂದು ಕುಣಿಯುವುದನ್ನು ಕಾವ್ಯಳ ಶಾಲೆಯ ಮಕ್ಕಳು ನೋಡಿ ತಾವೂ ಕುಣಿದರು.

ಒಂದು ಮಧ್ಯಾಹ್ನ ಗಂಗಾಂಬಿಕಾ ಮನೆಯಲ್ಲೇ ಇಟ್ಟುಕೊಂಡಿದ್ದ ಅಂಗಡಿಯ ಪಡಸಾಲೆಯಲ್ಲಿ ಸೀರೆ ಮಡಚುತ್ತಿದ್ದಳು. ಎದುರಿನ ಓಣಿಯಲ್ಲಿ ಯಾರದೋ ಫೋನಿನಲ್ಲಿ ಹಾಡು ಬಂತು, ನಿಂತಿತು. ಆಮೇಲೆ ಹೊರಗೆ, ಕಟ್ಟೆಯ ಹತ್ತಿರ, ಒಬ್ಬ ಗಂಡಸು ಕೆಮ್ಮಿದ. ಮೊದಲು ಒಂದು ಗಿಡ್ಡ ಕೆಮ್ಮು, ಅದರ ಹಿಂದೆ ಇನ್ನೊಂದು.

ಆದೆಪ್ಪ ಹೆಂಡತಿಯನ್ನು ಎಂದೂ ಹೆಸರು ಹಿಡಿದು ಕರೆದವನಲ್ಲ. ಹೊಲದಿಂದ ಬಂದು ಹೊರಗೇ ನಿಂತು ಹೀಗೆ ಕೆಮ್ಮುತ್ತಿದ್ದ. ಆಕೆ ತಂಬಿಗೆಯಲ್ಲಿ ನೀರು ತಂದುಕೊಟ್ಟ ಮೇಲೆ ಕಾಲು ತೊಳೆದುಕೊಂಡು ಒಳಗೆ ಬರುತ್ತಿದ್ದ. ಆಕೆಯ ಕೈಗಳು ಆಕೆಗಿಂತ ಮೊದಲೇ ಎದ್ದವು. ತಂಬಿಗೆ ತುಂಬಿಕೊಂಡು ಬಾಗಿಲಿಗೆ ಬಂದಳು. ಹೊರಗೆ ಬಿಸಿಲು ಬಿಟ್ಟರೆ ಯಾರೂ ಇರಲಿಲ್ಲ. ಬೀದಿಯ ನಾಯಿ ಮಾತ್ರ ಕಟ್ಟೆಯ ಒಂದೇ ಜಾಗವನ್ನು ನೋಡುತ್ತ ನಿಂತಿತ್ತು. ಸ್ವಲ್ಪ ಹೊತ್ತಿನ ಮೇಲೆ ಅದು ಬಾಲ ಮುದುರಿಕೊಂಡು ಹೋಯಿತು.

ಆಕೆಗೆ ಹೆದರಿಕೆ ಆಗಲಿಲ್ಲ. ಆದದ್ದು ಬೇರೆ. ಎಷ್ಟೋ ವರ್ಷದಿಂದ ಎದೆಯಲ್ಲಿ ಒಣಗಿ ಬಿದ್ದಿದ್ದ ಜಾಗವೊಂದು ತೇವವಾದಂತಾಯಿತು.

ಹಾಡು ಕೇಳಿದಾಗೆಲ್ಲ ಕೆಮ್ಮು ಬರುತ್ತದೆ ಎಂಬುದು ಆಕೆಗೆ ಬೇಗನೆ ಖಾತ್ರಿಯಾಯಿತು. ಕಾವ್ಯಳಿಂದ ತನ್ನ ಫೋನಿಗೂ ಹಾಡು ಹಾಕಿಸಿಕೊಂಡಳು. ಮಗಳು ಶಾಲೆಗೆ ಹೋದ ಮೇಲೆ, ಗಿರಾಕಿ ಇಲ್ಲದ ಹೊತ್ತು ನೋಡಿ, ಬಾಗಿಲು ಅರ್ಧ ತೆರೆದು ಹಾಡು ಹಚ್ಚುತ್ತಿದ್ದಳು. ಕೆಮ್ಮು ಕೇಳಿಸಿದರೆ ನೀರು ತೆಗೆದುಕೊಂಡು ಹೋಗಿ ಕಟ್ಟೆಯ ಮೇಲಿಟ್ಟು, ಒಳಗಿನಿಂದಲೇ ಮಾತಾಡುತ್ತಿದ್ದಳು. ಕಾವ್ಯಳಿಗೆ ಕೆಲಸ ಸಿಕ್ಕಿದ್ದು, ನಡುಗಡ್ಡೆಯ ಹೊಲವನ್ನು ಹೊಳೆ ತಿಂದದ್ದು, ಅತ್ತೆ ಕೊನೆಗೆ ಹಿಡಿ ಅನ್ನವೂ ಉಣ್ಣದೆ ಹೋದದ್ದು. ಉತ್ತರ ಇರುತ್ತಿರಲಿಲ್ಲ. ತಂಬಿಗೆಯ ನೀರು ಇಳಿಯುತ್ತಲೂ ಇರಲಿಲ್ಲ. ಆದರೂ ಹೊರಗೆ ಯಾರೋ ನಿಂತಿದ್ದಾರೆ ಎಂಬುದು ಬೆನ್ನಿಗೆ ಗೊತ್ತಾಗುತ್ತಿತ್ತು.

ದಿನ ಕಳೆದಂತೆ ಕೆಮ್ಮು ಬದಲಾಯಿತು. ಮೊದಲಿನ ಗಿಡ್ಡ ಕೆಮ್ಮು ಉದ್ದವಾಯಿತು, ಒಡೆಯಿತು, ನೀರು ಕುಡಿದವನ ಕೆಮ್ಮಿನಂತಾಯಿತು. ದೂರದಿಂದ ಓಡಿ ಬಂದು ನಿಂತು, ಉಸಿರು ಹಿಡಿಯುವ ಮೊದಲೇ ಮತ್ತೆ ಎಲ್ಲಿಗೋ ಓಡಬೇಕಾದವನ ಹಾಗೆ ಕೇಳಿಸುತ್ತಿತ್ತು. ಒಂದು ರವಿವಾರ ಕಾವ್ಯ ಮನೆಯಲ್ಲಿದ್ದಾಗ ಓಣಿಯಲ್ಲಿ ಹಾಡು ಬಂತು. ಅದು ಮುಗಿದ ಮೇಲೆ ಕಾವ್ಯ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟಳು.

"ಅವ್ವಾ, ಹೊರಗ ಯಾರೋ ಕೆಮ್ಮಿದ್ರು."

ಗಂಗಾಂಬಿಕಾ ಮಗಳ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

"ಎಷ್ಟು ದಿನದಿಂದ?"

"ಹಾಡು ಬಂದಾಗಿಂದ."

ಕಾವ್ಯ ಎದ್ದು ಹೋಗಿ ಕಟ್ಟೆಯ ಮೇಲಿದ್ದ ತಂಬಿಗೆಯನ್ನು ನೋಡಿದಳು. ಬಹಳ ಹೊತ್ತು ಒಳಗೆ ಬರಲಿಲ್ಲ.

ಆ ವಾರವೇ ಊನಾಳ ಕರೆ ಬಂತು. ಫೋನಿನ ಪರದೆಯಲ್ಲಿ ಆಕೆಯ ಮುಖ ಬಾಡಿತ್ತು. ಅವರ ಮೇಳ ಕೊನೆಯ ಸುತ್ತಿಗೆ ಬಂದಿತ್ತು, ಮಂದಿ ಹುಚ್ಚೆದ್ದು ಮೆಚ್ಚಿದ್ದರು. ಆ ಖುಷಿ ಯಾವುದೂ ಮುಖದಲ್ಲಿ ಇರಲಿಲ್ಲ. ಆಕೆ ಹೇಳಿದ್ದನ್ನು ಕಾವ್ಯ ಅವ್ವನಿಗೆ ಒಂದೊಂದೇ ಮಾತಾಗಿ ದಾಟಿಸಿದಳು.

"ಅವರ ಅಜ್ಜಿ ಕಾಲಕ್ಕ ಅಲ್ಲೀನೂ ಹೆಂಗಸರು ಸತ್ತವರ ಮುಂದ ಹಾಡಿ ಅಳ್ತಿದ್ರಂತ. ಈ ಹಾಡು ಅರ್ಧಕ್ಕ ನಿಂತೈತಿ ಅಂತ ಆಕಿಗೆ ಮೊದಲಿಂದ ಅನಸ್ತಿತ್ತಂತ. ಉಳಿದದ್ದು ಐತೇನು ಅಂತ ಕೇಳಾಕತ್ತ್ಯಾಳ."

"ಯಾಕಂತ?"

ಕಾವ್ಯ ಕೇಳಿದಳು. ಊನಾ ಹೇಳಿದ್ದನ್ನು ಕೇಳಿ ಫೋನನ್ನು ಮಡಿಲಿಗಿಳಿಸಿ ಅವ್ವನ ಕಡೆ ತಿರುಗಿದಳು.

"ಅವರು ಎಲ್ಲಿ ಹಾಡಿದ್ರೂ, ಹಾಡು ಮುಗಿದ ಮ್ಯಾಲೆ ಸ್ಟೇಜಿನ ಬಾಗಲ ಹತ್ರ ಒಬ್ಬ ಗಂಡಸು ಕೆಮ್ಮತಾನಂತ. ರೆಕಾರ್ಡಿನಾಗೂ ಬಂದೈತಂತ. ಮಿಷನ್ನಿನಾವ ಎಷ್ಟು ತೆಗದ್ರೂ ಹೋಗವಲ್ದಂತ. ಆತ ಯಾರು ಅಂತ ಕೇಳಾಕತ್ತ್ಯಾಳ ಅವ್ವಾ."

ಗಂಗಾಂಬಿಕಾ ಗೋಡೆ ಹಿಡಿದು ಕುಳಿತಳು. ಆದೆಪ್ಪ ರಾಯಚೂರು ದಾಟಿ ಎಲ್ಲಿಗೂ ಹೋದವನಲ್ಲ. ಬೇರೆಯವರ ಮನೆಯ ಬಾಗಿಲಲ್ಲಿ ನಿಲ್ಲಲು ನಾಚುತ್ತಿದ್ದವನು. ನೀರಿನಲ್ಲಿ ಸತ್ತವನು ಈಗ ಸಮುದ್ರಗಳನ್ನು ದಾಟಿ, ಗುರುತಿಲ್ಲದವರು ಹೆಸರು ಕೂಗಿದಲ್ಲೆಲ್ಲ ಹೋಗಿ ನಿಂತು, ಯಾರೂ ನೀರು ಕೊಡದೆ, ಯಾರೂ ಒಳಗೆ ಕರೆಯದೆ, ಮತ್ತೊಂದು ಬಾಗಿಲಿಗೆ ಓಡುತ್ತಿದ್ದಾನೆ. ಅಂಥವನನ್ನು ತಾನೂ ತನ್ನ ಸುಖಕ್ಕಾಗಿ ದಿನವೂ ಎಳೆದು ತಂದಿದ್ದಳು.

"ಉಳಿದದ್ದು ಐತಿ ಅಂತ ಹೇಳು," ಎಂದಳು.

ಆದರೆ ಸ್ಪರ್ಧೆಯ ಕಟ್ಟಳೆ ಕಟ್ಟಳೆಯೇ. ಹಾಡು ಮೂರು ನಿಮಿಷ ಮೀರಬಾರದು, ಒಪ್ಪಿಸಿದ ಹಾಡನ್ನು ತಿದ್ದಬಾರದು. ಉಳಿದದ್ದನ್ನೂ ಸೇರಿಸುತ್ತೇವೆಂದು ಊನಾ ಕೇಳಿ ನೋಡಿದಳು, ನಡೆಸುವವರು ಒಪ್ಪಲಿಲ್ಲ. ಮೇಳದವರಲ್ಲೂ ಜಗಳವಾಯಿತಂತೆ, ಇಷ್ಟು ದೂರ ಬಂದು ಬಿಟ್ಟುಹೋಗಲು ಉಳಿದವರು ತಯಾರಿರಲಿಲ್ಲ. ಊನಾ ಎರಡನೆಯ ಸಲ ಕರೆ ಮಾಡಿ ಅತ್ತಾಗ ಗಂಗಾಂಬಿಕಾ ಮಗಳಿಗೆ, "ಆಕಿ ಅಲ್ಲಿ ಕರೀಲಿ. ನಾ ಇಲ್ಲಿಂದ ಕಳಿಸ್ತೀನಿ ಅಂತ ಹೇಳು," ಎಂದಳು.

ಕೊನೆಯ ಸುತ್ತಿನ ದಿನ ಅಲ್ಲಿ ಸಂಜೆಯಾದಾಗ ಇಲ್ಲಿ ಇನ್ನೂ ಮಧ್ಯಾಹ್ನ. ತಾಯಿ ಮಗಳು ಹೊಳೆದಂಡೆಗೆ ಬಂದು, ಆದೆಪ್ಪ ಹರಿಗೋಲು ಕಟ್ಟುತ್ತಿದ್ದ ಕಡೆ ಕುಳಿತರು. ನೀರು ಇಳಿದಿತ್ತು, ಬಂಡೆಗಳ ನಡುವೆ ಮರಳು ಬೆಳ್ಳಗೆ ಕಾಯುತ್ತಿತ್ತು. ಕಾವ್ಯಳ ಫೋನಿನಲ್ಲಿ ಒಬ್ಬರಾದ ಮೇಲೆ ಒಬ್ಬರು ಹಾಡಿದರು; ಬೆಂಕಿ, ಹೊಗೆ, ಮಿನುಗುವ ಬಟ್ಟೆ. ಊನಾಳ ಮೇಳದವರು ಸಾದಾ ಅಂಗಿಯಲ್ಲಿ ಬಂದು ಸಾಲಾಗಿ ನಿಂತರು. ಒಬ್ಬ ಕಂಕುಳಲ್ಲಿ ಚೀಲವಾದ್ಯ ಒತ್ತಿ ನುಡಿಸಿದ. ಊನಾ ಪಿಟೀಲು ಕೆಳಗಿಳಿಸಿ ಕಣ್ಣು ಮುಚ್ಚಿ ಹಾಡಿದಳು. ಸಾವಿರಾರು ಮಂದಿ ದೀಪ ಹಿಡಿದು ಒಂದೇ ಬಾಯಾಗಿ ಆ ಹೆಸರು ಕೂಗಿದರು.

ಹಾಡು ನಿಂತಿತು. ಕಾವ್ಯ ಫೋನು ಆರಿಸಿದಳು.

ಕೆಮ್ಮು ನೀರಿನ ಅಂಚಿನಿಂದ ಬಂತು, ಬಹಳ ಹತ್ತಿರದಿಂದ. ಆಮೇಲೆ ಉಸಿರು, ಏದುಸಿರು.

ಗಂಗಾಂಬಿಕಾ ಮನೆಯಿಂದ ತಂದಿದ್ದ ತಂಬಿಗೆಯನ್ನು ಕೈಗೆತ್ತಿಕೊಂಡಳು. ಅತ್ತೆಗೆ ಕೊಟ್ಟ ಮಾತು ಇನ್ನೂ ಅಡ್ಡ ನಿಂತಿತ್ತು. "ಬರೋತನಕ ಅಂದಿದ್ರಿ ಅತ್ತಿ. ಬಂದಾರ ನೋಡ್ರಿ," ಎಂದು ಮೆಲ್ಲಗೆ ಅಂದಳು. ತಂಬಿಗೆಯ ನೀರನ್ನು ಮರಳಿನ ಮೇಲೆ, ಕಾಲುಗಳು ಇರಬೇಕಾದ ಕಡೆ, ನಿಧಾನವಾಗಿ ಸುರಿದಳು. ಎಲ್ಲಿಯೂ ಹೋಗದೆ ನೀರು ಅಲ್ಲಿಯೇ ಇಂಗಿತು. ಆಗ ಪದ ತಾನಾಗಿ ಬಂತು.

"ತಿರುಗಿ ನೋಡಬ್ಯಾಡ, ತೆರಿಯ ಎಣಿಸಬ್ಯಾಡ,
ಕರದ ಬಾಯಿ ಮುಚ್ಚೀವಿ, ಕದವ ಹಾಕೀವಿ,
ಹರನ ಹಾದ್ಯಾಗ ಹಗುರಾಗಿ ಹೋಗೊ."

ಮೂರು ಸಲ ಹಾಡಿದಳು. ಕೊನೆಯ ಸಲಕ್ಕೆ ಏದುಸಿರು ಸಣ್ಣದಾಗುತ್ತ ಹೋಗಿ, ಬರಿಯ ಹೊಳೆಯ ಸದ್ದಾಯಿತು. ಕಳಿಸಿದವರು ಹಿಂದಕ್ಕೆ ನೋಡಬಾರದು. ಆಕೆ ಮಗಳ ಕೈ ಹಿಡಿದು ದಂಡೆ ಹತ್ತಿದಳು. ಅರ್ಧ ದಾರಿಯಲ್ಲಿ ಕಾವ್ಯಳ ಬೆರಳುಗಳು ಒಮ್ಮೆ ಸಡಿಲಾದವು, ಹೆಜ್ಜೆ ತಡೆಯಿತು. ಹುಡುಗಿ ತಿರುಗಿ ನೋಡಿದಳೆಂದು ಗಂಗಾಂಬಿಕಾಳಿಗೆ ತಿಳಿಯಿತು. ಏನು ಕಂಡಿತೆಂದು ಕೇಳಲಿಲ್ಲ. ಕಾವ್ಯ ಇಂದಿಗೂ ಹೇಳಿಲ್ಲ. ಆ ಮೇಲೆ ಕೆಲವು ತಿಂಗಳು ಆಕೆ ಹೊಳೆಯ ನೀರನ್ನು ಮುಟ್ಟಲಿಲ್ಲ, ಅಷ್ಟೇ.

ಸ್ಪರ್ಧೆಯಲ್ಲಿ ಊನಾಳ ಮೇಳ ಐದನೆಯದಾಗಿ ಬಂತು. ಗೆದ್ದ ಹಾಡನ್ನು ಮಂದಿ ಬೇಗ ಮರೆತರು, ಇವರದನ್ನು ಮರೆಯಲಿಲ್ಲ. ಕೆಮ್ಮು ಈಗ ಬರುವುದಿಲ್ಲ ಎಂದು ಊನಾ ತಿಳಿಸಿದಳು. ಮಕ್ತಲದ ಕಟ್ಟೆಯೂ ಖಾಲಿಯಾಗಿತ್ತು. ಆ ಖಾಲಿಯನ್ನು ಸಹಿಸುವುದು ಗಂಗಾಂಬಿಕಾಳಿಗೆ ಮೊದಲ ಸಲಕ್ಕಿಂತ ಕಷ್ಟವಾಯಿತು. ಮೊದಲ ಸಲ ಹೊಳೆ ಒಯ್ದಿತ್ತು. ಈ ಸಲ ಕಳಿಸಿದವಳು ತಾನೇ.

ಕಳಿಸುವ ಪದವನ್ನು ಆಕೆ ಫೋನಿನಲ್ಲಿಯೇ ಊನಾಳಿಗೆ ಕಲಿಸಿದಳು. ಊನಾ ಪ್ರತಿ ಕಛೇರಿಯ ಕೊನೆಗೆ, ಮೈಕು ಆರಿಸಿದ ಮೇಲೆ, ಅದನ್ನು ಹಾಡುತ್ತಾಳಂತೆ. ಆದರೆ ಜನರ ಫೋನುಗಳಲ್ಲಿ, ಬಸ್ಸುಗಳಲ್ಲಿ ಇರುವುದು ಬರಿಯ ಅರ್ಧ. ಅದನ್ನು ಹಿಂದಕ್ಕೆ ತರಲು ಯಾರಿಂದಲೂ ಆಗದು. ಹಾಗಾಗಿ ಗಂಗಾಂಬಿಕಾ ಎಲ್ಲಿ ಆ ಹಾಡು ಕೇಳಿದರೂ, ಮಾಡುವ ಕೆಲಸ ಬಿಟ್ಟು, ಉಳಿದರ್ಧವನ್ನು ತುಟಿಯೊಳಗೇ ಹಾಡುತ್ತಾಳೆ.

ಹೋದ ತಿಂಗಳು ಗದ್ವಾಲದಲ್ಲಿ, ನೇಕಾರ ಹೆಂಗಸು ಅನಂತಮ್ಮನ ಮನೆಯಲ್ಲಿ, ಆಕೆ ಸೀರೆಯ ಅಂಚು ನೋಡುತ್ತಿದ್ದಾಗ ಬೀದಿಯಲ್ಲಿ ಹಾಡು ಹೋಯಿತು. ಅಂಚು ಕೈಯಲ್ಲಿ ಹಾಗೇ ಇತ್ತು, ತುಟಿಗಳು ಅಲ್ಲಾಡಿದವು. ಅನಂತಮ್ಮ ಆ ಪದ ಬಲ್ಲವಳು, ಮುಗಿಯುವವರೆಗೆ ಕಾದಳು.

"ಯಾರನ್ನ ಕಳಿಸಿದ್ರಿ?" ಎಂದು ಕೇಳಿದಳು.

"ಮನಿಯವರನ್ನ."

"ಇನ್ನೂ ಹೋಗಿಲ್ಲೇನ್ರಿ?"

"ಹೋಗ್ಯಾರ್ರಿ," ಎಂದಳು ಗಂಗಾಂಬಿಕಾ. "ಕರಿಯೋ ಮಂದಿ ಬಿಡವಲ್ದು."